ರೈಲು ಹತ್ತಿ ನಮ್ಮೂರು

ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಓಡಿಸುವ ಕೊಟ್ರೇಶನನ್ನು ಬೈದರೆ ಅವನಿಗೆ ಸಿಟ್ಟು ಬರುವುದಿಲ್ಲ; ಅವನ ಊರನ್ನು ಬೈದರೆ ಬರುತ್ತದೆ. ಅಂದು ಬೆಳಗಿನ ಟೀ ಹೊತ್ತಿನಲ್ಲಿ ಸೂಪರ್‌ವೈಸರ್ ಭಾನುಪ್ರಕಾಶ್ ಅದನ್ನೇ ಮಾಡಿದ.

"ಹಿಂಜಿಗೇರಿನಾ? ಅಲ್ಲಿ ರೈಲಾದ್ರೂ ನಿಲ್ಲುತ್ತಾ ಗುರು?"

ಕೊಟ್ರೇಶನ ಮೈಯೆಲ್ಲ ಉರಿದುಹೋಯಿತು. ನಿಲ್ಲುತ್ತಾ ಎಂದರೇನು? ಹಿಂಜಿಗೇರಿ ಹುಟ್ಟಿದ್ದೇ ರೈಲಿನಿಂದ. ಬ್ರಿಟಿಷರ ಕಾಲದಲ್ಲಿ ಹಳಿ ಬಂತು, ಹಳಿಯ ಹಿಂದೆಯೇ ಹತ್ತಿ ಗಿರಣಿಗಳು ಬಂದವು. ಹತ್ತಿ ತುಂಬಿದ ಅಂಡಿಗೆಗಳನ್ನೆಲ್ಲ ಹೇರಿ ಮುಗಿಸುವ ತನಕ ಗಾರ್ಡ್ ಹಸಿರು ಬಾವುಟ ಎತ್ತುತ್ತಿರಲಿಲ್ಲವಂತೆ. ಗಿರಣಿಯ ಕೂಗು ಕೇಳಿಯೇ ಅವನ ಅಜ್ಜಿ ಒಲೆ ಹಚ್ಚುತ್ತಿದ್ದಳು. ಗಿರಣಿಗಳು ಮುಚ್ಚಿದವು, ನಿಜ. ರೈಲೇನು ತಪ್ಪು ಮಾಡಿತ್ತು?

"ಎರಡು ನಿಮಿಷ ನಿಲ್ಲತೈತ್ರಿ. ನಿಲ್ಲದಿದ್ರ ಈ ಮೀಸಿ ಬೋಳಿಸ್ಕೊಂತೀನಿ" ಎಂದ.

ಅಷ್ಟಕ್ಕೂ ಸಮಾಧಾನವಾಗಲಿಲ್ಲ. ರಾಜ್ಯೋತ್ಸವದ ಗೋಡೆಪತ್ರಿಕೆಗೆ ಊರಿನ ಇತಿಹಾಸವನ್ನೇ ಬರೆದುಬಿಡುತ್ತೇನೆಂದು ಹಟ ಹಿಡಿದ. ಬರೆಯುವವರು ಮೊದಲು ಶೀರ್ಷಿಕೆ ಕಳಿಸಬೇಕೆಂದು ಎಚ್‌ಆರ್‌ನ ದೀಪಶ್ರೀ ಹೇಳಿದ್ದಳು. ರೈಲು, ಹತ್ತಿ, ನಮ್ಮೂರು. ಫೋನಿನಲ್ಲಿ ಅಲ್ಪವಿರಾಮ ಎಲ್ಲಿದೆಯೆಂದು ಹುಡುಕಿ ಸಾಕಾಗಿ, ಅದಿಲ್ಲದೆಯೇ ವಾಟ್ಸಾಪ್‌ನಲ್ಲಿ ಕಳಿಸಿದ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನ ಕಾರ್ಡು ಕೆಲಸ ಮಾಡಲಿಲ್ಲ. ರಜೆಯಲ್ಲಿರುವವರಿಗೆ ಊಟವಿಲ್ಲ ಎಂದು ಬಡಿಸುವವನು ತಟ್ಟೆ ಹಿಂದಕ್ಕೆಳೆದುಕೊಂಡ. ಲೇತ್ ಬಳಿ ಹೋದರೆ ಅಲ್ಲಿ ಆಗಲೇ ಬೇರೆಯವನು ನಿಂತಿದ್ದ. ಕೊಟ್ರೇಶ್ ಹಸಿದ ಹೊಟ್ಟೆಯಲ್ಲೇ ದೀಪಶ್ರೀಯ ಮುಂದೆ ಹೋಗಿ ನಿಂತ.

"ಇನ್ನೂ ಹೋಗಿಲ್ವಾ? ರೈಲು ಹತ್ತಿ ನಮ್ಮೂರು ಅಂತ ಮೆಸೇಜ್ ಮಾಡಿದ್ರಲ್ಲ. ಮೂರು ದಿನ ರಜೆ ಹಾಕಿದೀನಿ."

"ಹತ್ತೋದಲ್ರೀ ಮೇಡಂ. ಹತ್ತಿ. ದೀಪಕ್ಕ ಬತ್ತಿ ಹೊಸಿತಾರಲ್ರೀ, ಆ ಹತ್ತಿ."

ದೀಪಶ್ರೀ ಬಾಯಿ ಮುಚ್ಚಿಕೊಂಡು ನಕ್ಕಳು. ಆದರೆ ಹಾಕಿದ ರಜೆಯನ್ನು ತೆಗೆಯುವ ಅಧಿಕಾರ ಹೆಡ್ ಆಫೀಸಿಗೆ ಮಾತ್ರವಂತೆ, ಅಲ್ಲಿನವರೂ ರಜೆಯಲ್ಲಿದ್ದಾರಂತೆ. ನ್ಯಾಯ ಎಂಬುದು ಇದೆಯೇ? ಇದ್ದ ರಜೆ ಹೇಗೂ ಹೋಯಿತು, ಊರಿಗೇ ಹೋಗಿ, ಅಲ್ಲಿ ನಿಂತ ರೈಲಿನ ಫೋಟೋ ತೆಗೆದು ಭಾನುಪ್ರಕಾಶನ ಮುಖಕ್ಕೆ ಹಿಡಿಯುತ್ತೇನೆ ಎಂದು ಕೊಟ್ರೇಶ್ ರಾಜಗೋಪಾಲನಗರದ ರೂಮಿನಿಂದ ಬ್ಯಾಗು ತಂದು, ರೈಲು ನಿಲ್ದಾಣದ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಹಿಂಜಿಗೇರಿಗೆ ಒಂದು ಟಿಕೆಟ್ ಕೇಳಿದ.

ಗುಮಾಸ್ತ ಕಂಪ್ಯೂಟರ್ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಹೋದ ತಿಂಗಳಿಂದ ಅಲ್ಲಿ ಸ್ಟಾಪ್ ತೆಗೆದಿದ್ದಾರೆ ಸಾರ್. ಹತ್ತೋಕೇನೋ ಹತ್ತಬಹುದು, ಇಳಿಯೋಕಾಗಲ್ಲ."

ಕೊಟ್ರೇಶನ ಕೈ ತಾನಾಗಿಯೇ ಮೀಸೆಯ ಮೇಲೆ ಹೋಯಿತು.