ಏಳು ಗುಳಿ, ಆರು ಪದಕ

ಸದುದ್ದೇಶವೊಂದನ್ನು ಹೊತ್ತು ಮನೆಯಿಂದ ಹೊರಟಾಗಲೆಲ್ಲ ನಾನು ನಗೆಪಾಟಲಾಗಿಯೇ ಹಿಂತಿರುಗಿದ್ದೇನೆ. ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದು ಹುಮನಾಬಾದಿನ ಕಾಲೇಜೊಂದರಲ್ಲಿ ಅಧ್ಯಾಪಕನಾದ ಮೊದಲ ವರ್ಷದಲ್ಲಂತೂ ಇದು ಪದೇ ಪದೇ ಘಟಿಸಿತು.

ಐವತ್ತಾರರಲ್ಲಿ ನಮ್ಮ ಸೀಮೆ ಕನ್ನಡ ನಾಡನ್ನು ಸೇರಿದಾಗ ಬಸವಕಲ್ಯಾಣದ ಹಿರಿಯರು ಏಳು ಬೆಳ್ಳಿಯ ಪದಕಗಳನ್ನು ಮಾಡಿಸಿದ್ದರಂತೆ. ನಿಜಾಮರ ಆಳ್ವಿಕೆಯಲ್ಲಿ ತಮ್ಮ ಮನೆಯ ಪಡಸಾಲೆಯಲ್ಲೇ ಮಕ್ಕಳಿಗೆ ಕನ್ನಡ ಕಲಿಸಿದ ಏಳು ಮಂದಿಗೆ ಅವು ಸಂದಿದ್ದವು. ಯಾರು ಯಾರಿಗೆ ಎಂಬ ಪಟ್ಟಿ ಮಾತ್ರ ಉಳಿದಿರಲಿಲ್ಲ. ಅವೆಲ್ಲವನ್ನೂ ಹುಡುಕಿ ತಂದು ನವೆಂಬರ್ ಒಂದರಂದು ಕಾಲೇಜಿನ ಗಾಜಿನ ಕಪಾಟಿನಲ್ಲಿ ಇಡುವೆನೆಂದು ಪ್ರಾಚಾರ್ಯರಿಗೆ ಮಾತು ಕೊಟ್ಟೆ. ಏಳು ಗುಳಿಗಳುಳ್ಳ ಹಲಗೆಯೊಂದನ್ನು ಬಡಗಿಯಿಂದ ಮಾಡಿಸಿ, ಅದಕ್ಕೆ ಕೆಂಪು ಮಖಮಲ್ಲು ಹೊದಿಸಿದೆ. ಆಗಿನ್ನೂ ಒಂದು ಪದಕವನ್ನೂ ನಾನು ಕಣ್ಣಿಂದ ಕಂಡಿರಲಿಲ್ಲ.

೧. ಸರಾಫ ಕಾಕಾ

ಮೊದಲು ಹೋದದ್ದು ಬಸವಕಲ್ಯಾಣದ ಮುದಿ ಸರಾಫರ ಅಂಗಡಿಗೆ. ಪದಕಗಳನ್ನು ಮಾಡಿದವರು ಅವರೇ. ಊದುಗೊಳವೆಯನ್ನು ಬದಿಗಿಟ್ಟು ನನ್ನನ್ನೇ ನಿಟ್ಟಿಸಿದರು.

"ಮುಡಬಿಯವರಲ್ಲೇನ್ರಿ ತಾವು?"

"ಬೆಳೆದದ್ದು ಅಜ್ಜನ ಮನೆಯಲ್ಲಿ, ಮುಡಬಿಯಲ್ಲಿ. ನನಗೆ ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅದಿರಲಿ, ಪದಕಗಳ ವಿಷಯ ಹೇಳಿ."

"ಏಳೂ ನನ್ನ ಕೈಯಾಗೇ ಆಗ್ಯಾವ್ರಿ. ಒಂದು ಮಗ್ಗಲ ಕೋಟಿ ಬಾಗಲ, ಇನ್ನೊಂದು ಮಗ್ಗಲ ಅಕ್ಷರ. ಅದರಾಗ ಒಂದು ತಿರಗಿ ನನ್ನ ಹತ್ರನೇ ಬಂತು, ಕರಗಸಾಕ. ಅದು ನಿಮ್ಮ..."

"ಕರಗಿಸಿದಿರಾ!" ನಾನು ಎದ್ದು ನಿಂತೆ.

ಮುಂದಿನ ಅರ್ಧ ಗಂಟೆ ಮಾತನಾಡಿದವನು ನಾನೊಬ್ಬನೇ. ನಾಡಿನ ನೆನಪನ್ನು ಕುಲುಮೆಗೆ ಹಾಕಿದ ಅಭಿಮಾನಶೂನ್ಯರ ಬಗ್ಗೆ, ಇತಿಹಾಸಪ್ರಜ್ಞೆಯ ಅಭಾವದ ಬಗ್ಗೆ, ಅಂಥ ಕೃತಘ್ನರಿಗೆ ಮುಂದಿನ ಪೀಳಿಗೆ ನೀಡಲಿರುವ ತೀರ್ಪಿನ ಬಗ್ಗೆ ಹೇಳಿದೆ. ಏಳನೆಯ ಗುಳಿಯನ್ನು ಖಾಲಿ ಬಿಟ್ಟು, ಅವರ ನಾಚಿಕೆಗೇಡನ್ನು ಊರಿಗೆಲ್ಲ ತೋರಿಸುವೆನೆಂದು ಶಪಥವನ್ನೂ ಮಾಡಿದೆ. ಕಾಕಾ ಎರಡು ಸಲ ಚಹಾ ತರಿಸಿದರು.

"ಮಾತು ಭಾಳ ಚಲೋ ಆಡ್ತೀರಿ ಸರ್. ಮುಗದ ಮ್ಯಾಲ ಹೇಳ್ರಿ, ನಂದೂ ಒಂದು ಮಾತದ."

ಅಷ್ಟರಲ್ಲಿ ಹುಮನಾಬಾದಿನ ಬಸ್ಸು ಬಂತು. ಓಡಿ ಹತ್ತಿದೆ. ಕಾಕಾ ಪಾಪ, ಏನನ್ನೋ ಹೇಳಲೆಂದು ಬಸ್ಸಿನವರೆಗೂ ಬಂದರು. ಕಿಟಕಿಯಿಂದ ತಲೆ ಹೊರಹಾಕಿ ಅವರಿಗೆ ಇನ್ನೆರಡು ವಾಕ್ಯ ಹೇಳಿದೆ.

೨. ಕೊಹಿನೂರಿನ ಮಾಲಕ

ನಾಲ್ಕು ಪದಕಗಳು ಹೆಚ್ಚು ಶ್ರಮವಿಲ್ಲದೆ ದೊರೆತವು. ಐದನೆಯದು ಕೊಹಿನೂರು ಎಂಬ ಹಳ್ಳಿಯ ರೈತರೊಬ್ಬರ ಮನೆಯಲ್ಲಿ, ಎತ್ತಿನ ಹಣೆಯ ಮೇಲಿತ್ತು. ಗೊಂಡೆಗಳ ನಡುವೆ, ಎರಡು ಕೊಂಬುಗಳ ಕೆಳಗೆ ಕೋಟೆಯ ಬಾಗಿಲು ಬಿಸಿಲಿಗೆ ಹೊಳೆಯುತ್ತಿತ್ತು.

"ನಿಮ್ಮ ತಂದೆಯವರಿಗೆ ಸಂದ ಗೌರವವನ್ನು ಪಶುವಿಗೆ ಕಟ್ಟಿದ್ದೀರಲ್ಲ! ಇದಕ್ಕಿಂತ ಅವಮಾನ ಉಂಟೆ?"

ರೈತರಿಗೆ ಸಿಟ್ಟು ಬರಲಿಲ್ಲ. "ಸರ್, ನಮ್ಮಪ್ಪ ಕನ್ನಡ ಕಲಸಿದ್ದು ಖರೇ. ಆದ್ರ ಸೊಲ್ಲಾಪುರದಿಂದ ಪುಸ್ತಕದ ಗಂಟು ಎಳಕೊಂಡು ಬಂದಾಂವ ನಮ್ಮ ಎತ್ತು. ಅರ್ಧಾ ಹಾದಿಗೆ ಜೋಡೆತ್ತು ಕುಂಟತು, ಇಂವ ಒಬ್ಬನೇ ಎಳದ. ಪದಕ ಬಂದಾಗ ಅಪ್ಪ ತಾನ ಅದರ ಹಣಿಗಿ ಕಟ್ಟಿದ. ಇದು ಅದರ ತಂಗಿ ಮೊಮ್ಮಗ."

ಭಾಷಣದ ಮುಂದಿನ ಭಾಗವನ್ನು ಕೈಬಿಟ್ಟೆ. ಕಾಲೇಜಿಗೆ ಕೊಡುವಿರಾ ಎಂದು ಸಣ್ಣ ದನಿಯಲ್ಲಿ ಕೇಳಿದೆ.

"ನನ್ನ ಯಾಕ ಕೇಳ್ತೀರಿ? ಮಾಲಕ ಅಲ್ಲೇ ನಿಂತಾನ."

ಎತ್ತಿನ ಮುಂದೆ ಬಾಗಿ ಗೊಂಡೆಗೆ ಕೈಹಾಕಿದೆ. ನನ್ನ ಕೊರಳಲ್ಲಿದ್ದ ಲಿಂಗದ ಕರಡಿಗೆ ಅಂಗಿಯಿಂದ ಹೊರಜಾರಿ ತೂಗಾಡಿತು. ಎತ್ತು ಅದನ್ನು ಮೂಸಿ ನೋಡಿ, ತನ್ನ ಪದಕವನ್ನು ಬಿಚ್ಚಗೊಟ್ಟಿತು.

"ನಿಮ್ಮ ಬೆಳ್ಳಿ ಒಳಗ ಹಾಕ್ರಿ ಸರ್," ಎಂದರು ರೈತರು. "ಅದಲಾ ಬದಲಿ ಅಂತ ತಿಳಕೊಂಡದ."

೩. ಹುಮನಾಬಾದಿನ ಅಮ್ಮಾಜಾನ್

ಆರನೆಯದು ದಿವಂಗತ ಮಾಸ್ತರರೊಬ್ಬರ ಮನೆಯಲ್ಲಿತ್ತು. ಹಗಲು ಉರ್ದು ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಮನೆಯಲ್ಲಿ ಕನ್ನಡ ಕಲಿಸಿದ ಮುಸಲ್ಮಾನ ಹಿರಿಯರು ಅವರು. ಅವರ ಹೆಂಡತಿ ಅಮ್ಮಾಜಾನ್ ಅವರಿಗೆ ಅರ್ಥವಾಗಲೆಂದು ಮೂರು ದಿನ ಕುಳಿತು ಉರ್ದುವಿನಲ್ಲಿ ಬಿನ್ನಹವೊಂದನ್ನು ಸಿದ್ಧಪಡಿಸಿ ಬಾಯಿಪಾಠ ಮಾಡಿದೆ. ಅಮ್ಮಾಜಾನ್ ಅಡಿಕೆ ಕತ್ತರಿಸುತ್ತ ಕೊನೆಯವರೆಗೂ ಕೇಳಿಸಿಕೊಂಡರು. ಒಳಗೆ ಹೋಗಿ ರೇಷ್ಮೆಯ ಚೌಕದಲ್ಲಿ ಸುತ್ತಿಟ್ಟಿದ್ದ ಪದಕವನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಬಹಳ ಕರುಣೆಯಿಂದ ಕೇಳಿದರು:

"ಕನ್ನಡ ಬರಂಗಿಲ್ಲೇನು ತಮ್ಮಾ ನಿನಗ? ನಾಚಬ್ಯಾಡ. ಸಂಜಿಗಿ ಬಾ. ನಮ್ಮವರು ಇಲ್ಲಾ, ನಾ ಕಲಸ್ತೀನಿ."

೪. ಏಳನೆಯ ಗುಳಿ

ನವೆಂಬರ್ ಒಂದು ಬಂತು. ಕಾಲೇಜಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಗಾಜಿನ ಕಪಾಟು, ಅದರಲ್ಲಿ ಆರು ಪದಕಗಳು, ಒಂದು ಖಾಲಿ ಗುಳಿ. ಅತಿಥಿಯಾಗಿ ಬಂದಿದ್ದ ಸರಾಫ ಕಾಕಾ ನನ್ನ ಪಕ್ಕದಲ್ಲಿದ್ದರು. ಮುಂದಿನ ಸಾಲಿನಲ್ಲಿ ಅಮ್ಮಾಜಾನ್, ಕೊಹಿನೂರಿನ ರೈತರು, ಮಗನ ಭಾಷಣ ಕೇಳಲೆಂದು ಮುಡಬಿಯಿಂದ ಬಂದಿದ್ದ ನನ್ನ ತಾಯಿ.

ಆರು ಪದಕಗಳನ್ನು ಹೊಗಳಿ ಏಳನೆಯದಕ್ಕೆ ಬಂದೆ. "ಈ ಖಾಲಿ ಗುಳಿ ನಮ್ಮೆಲ್ಲರ ಎದೆಯ ಗಾಯ! ಆ ಪದಕವನ್ನು ಕರಗಿಸಿದ ಕೈ ಯಾವುದು?"

"ನಂದೇರಿ ಸರ್," ಎಂದರು ಕಾಕಾ.

ಸಭೆ ನಕ್ಕಿತು. ನಾನು ಬಿಡಲಿಲ್ಲ. "ನೀವು ಕಸುಬುದಾರರು, ತಪ್ಪು ನಿಮ್ಮದಲ್ಲ. ಕರಗಿಸಲು ತಂದವರು ಯಾರು? ಈ ಸಭೆ ಕೇಳಲಿ, ಹೇಳಿ!"

ಕಾಕಾ ಮುಂದಿನ ಸಾಲಿನತ್ತ ನೋಡಿದರು. ನನ್ನ ತಾಯಿ ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು.

"ನಾನ."

ಎದುರಿಗಿದ್ದ ಮುಖಗಳೆಲ್ಲ ಕಲಸಿಹೋದವು. "ನೀನಾ? ಯಾರ ಪದಕ ಅದು?"

"ನಿಮ್ಮಪ್ಪಂದು. ನಮ್ಮ ಪಡಸಾಲ್ಯಾಗೂ ಹುಡುಗರು ಕಲೀತಿದ್ರು, ನೀ ಆಗ ಹುಟ್ಟಿದ್ದಿಲ್ಲ. ಪದಕ ಬಂದಾಗ ಭಾಳ ಸಣ್ಣಾಂವ. ಅವರು ಹೋದ ಮ್ಯಾಲ ಪೆಟಗ್ಯಾಗ ಇಟ್ಟು ಏನ ಮಾಡ್ಲಿ? ನಿನ್ನ ದೀಕ್ಷಾಕ್ಕ ಕರಗಸಿ ಮಾಡಸಿದೆ."

"ಏನನ್ನು ಮಾಡಿಸಿದೆ?"

ಉತ್ತರ ಕಾಕಾ ಅವರಿಂದ ಬಂತು, ಮೆಲ್ಲಗೆ. "ಸರ್, ಅಂಗಿ ಮ್ಯಾಲಿನ ಗುಂಡಿ ಬಿಚ್ರಿ."

ಬಿಚ್ಚಿದೆ. ಏಳನೆಯ ವಯಸ್ಸಿನಿಂದ ಒಂದು ದಿನವೂ ಮೈಬಿಟ್ಟಿರದ, ಲಿಂಗವನ್ನೊಳಗೊಂಡ ಬೆಳ್ಳಿಯ ಕರಡಿಗೆ ಐನೂರು ಜನರ ಎದುರಿಗೆ ಹೊರಬಂತು. ನಾಡಿನ ನೆನಪು, ಕೃತಘ್ನತೆ, ಮುಂದಿನ ಪೀಳಿಗೆ ಎಂದೆಲ್ಲ ನಾನು ಗುಡುಗುವಾಗ ಅದು ನನ್ನ ಎದೆಬಡಿತಕ್ಕೆ ತಾಳ ಹಾಕುತ್ತಿತ್ತು.

"ಇಷ್ಟು ದಿನ ಹೇಳಲಿಲ್ಲವೇಕವ್ವ?" ಎಂದೆ. ಧ್ವನಿವರ್ಧಕ ಅದನ್ನೂ ಸಭೆಗೆ ಮುಟ್ಟಿಸಿತು.

"ನೀ ಎಲ್ಲಿ ಕೇಳಿದಿ? ಬಂದಾಗೊಮ್ಮೆ ಬರೀ ಹೇಳಾಕತ್ತಿದ್ದಿ."

"ಬಸ್ಸಿನ ತನಕ ಬಂದಿದ್ದೆರಿ ನಾನೂ," ಎಂದರು ಕಾಕಾ.

ಕೊಹಿನೂರಿನ ರೈತರಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಎತ್ತು ಅವತ್ತ ಮೂಸಿ ಗುರ್ತ ಹಿಡದಿತ್ತರಿ, ನಮಗ ತಿಳೀಲಿಲ್ಲ!"

ಆ ಸಭೆಯಲ್ಲಿ ಮತ್ತೇನೂ ಮಾತನಾಡಲಾರದೆ ಕುಳಿತೆ. ಬದುಕಿನಲ್ಲಿ ನಾನು ಮಾಡಿದ ಅತ್ಯಂತ ಚಿಕ್ಕ ಭಾಷಣವದು. ಚಪ್ಪಾಳೆ ಬಿದ್ದದ್ದೂ ಅದಕ್ಕೇ.

ಆದರೆ ಪ್ರಾಚಾರ್ಯರು ಕಟ್ಟುನಿಟ್ಟಿನ ಮನುಷ್ಯರು. ಏಳು ಪದಕಗಳೆಂದು ನಾನು ಬರೆದುಕೊಟ್ಟಿದ್ದೆ. ಕಡತದಲ್ಲಿ ಏಳೇ ಇರಬೇಕಿತ್ತು. ಕರಡಿಗೆಯನ್ನು ಮೈಮೇಲಿಂದ ತೆಗೆದು ಕಪಾಟಿನಲ್ಲಿಡುವಂತಿಲ್ಲ ಎಂಬುದು ಅವರಿಗೂ ಗೊತ್ತು. ಎರಡು ದಿನ ಯೋಚಿಸಿ, ನನ್ನ ಕೈಯಿಂದಲೇ ಒಂದು ಚೀಟಿ ಬರೆಸಿ ಖಾಲಿ ಗುಳಿಯಲ್ಲಿ ಇಡಿಸಿದರು. ಅದು ಇಂದಿಗೂ ಅಲ್ಲಿದೆ:

"ಏಳನೆಯ ಪದಕವು ಕನ್ನಡ ವಿಭಾಗದಲ್ಲಿ ಸಂಚರಿಸುತ್ತಿರುತ್ತದೆ. ನೋಡಬಯಸುವವರು ಪಾಠದ ಅವಧಿಯನ್ನು ಬಿಟ್ಟು ಬರತಕ್ಕದ್ದು. ಮುಟ್ಟಬಾರದು."