ಡೇನರ ದೆವ್ವಗಳಿಗೆ ಧಾರವಾಡ ಕನ್ನಡ

ನನ್ನ ಗಂಡನ ಸೋದರಮಾವ ಬದುಕಿರುವವರ ಜೊತೆ ಬೆಂಗಳೂರು ಕನ್ನಡ ಮಾತಾಡುತ್ತಾರೆ, ಸತ್ತವರ ಜೊತೆ ಧಾರವಾಡದ್ದು. ನಗಬೇಡಿ. ನಾನೂ ಮೊದಲು ನಕ್ಕವಳೇ!

ಮಾಮಾ ಸ್ವೀಡನ್ನಿನ ಮಾಲ್ಮೋ ಬಂದರಿನಲ್ಲಿ ಕ್ರೇನುಗಳ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮಾಮಿ ತೀರಿಕೊಂಡ ಮೇಲೂ ಹಳೇಪೇಟೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮರದ ತೊಲೆಗಳ ಚೌಕಟ್ಟು, ನಡುವೆ ಇಟ್ಟಿಗೆ ತುಂಬಿದ ಗೋಡೆ, ಕುಡಿದವನ ಹಾಗೆ ಬೀದಿಯ ಕಡೆ ವಾಲಿದ ಮೇಲ್ಭಾಗ. ಪ್ರವಾಸಿಗರು ಫೋಟೋ ತೆಗೆಯಬೇಕಾದ ಮನೆ, ಬುದ್ಧಿಯಿರುವವರು ವಾಸಿಸಬಾರದ ಮನೆ! ಇಲ್ಲಿಯ ಕನ್ನಡಿಗರ ಒಂದು ಯುಗಾದಿ ಊಟದಲ್ಲಿ ಇವರು "ಹಿಂಗ್ಯಾಕ ಮಾಡಾಕತ್ತೀರಿ" ಎಂದಾಗ ಪಂಕ್ತಿಯ ಅರ್ಧ ಜನ "ಏನಂದ್ರಿ?" ಎಂದರಂತೆ. ಅವತ್ತಿನಿಂದ ಜನರ ಮುಂದೆ ಇಸ್ತ್ರಿ ಮಾಡಿದ ಕನ್ನಡ. ಸ್ವಂತ ಅಕ್ಕನ ಮಗ, ಅಂದರೆ ನನ್ನ ಗಂಡ, ಬೆಂಗಳೂರಲ್ಲೇ ಬೆಳೆದವನು. ಅವನ ಹತ್ತಿರವೂ ಅದೇ ಇಸ್ತ್ರಿ.

ನಾನು ಮೊದಲ ಸಲ ಆ ಮನೆಗೆ ಹೋದದ್ದು ಡಿಸೆಂಬರಿನಲ್ಲಿ. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುತ್ತಿತ್ತು. ಮಾಮಾ ಬಾಗಿಲು ತೆಗೆದವರು ನನ್ನನ್ನು ಮಾತಾಡಿಸುವ ಮೊದಲು ತೊಲೆಯ ಮೇಲೆ ಅಂಗೈ ಇಟ್ಟರು.

"ಏನ್ರೆಪಾ, ಆರಾಮ ಅದೀರಿ? ನಮ್ಮ ಹುಡುಗನ ಹೆಂಡ್ತಿ ಬಂದಾಳ. ಹೆದರಿಸಬ್ಯಾಡ್ರಿ."

ತೊಲೆ ಕಿರ್ರ್ ಎಂದಿತು. ಮಾಮಾ ನನ್ನತ್ತ ತಿರುಗಿದರು. "ಆಯ್ತು ಅಂದ್ರಮ್ಮ. ಕಾಫಿ ಕುಡೀತೀಯಾ?"

"ಯಾರು ಆಯ್ತು ಅಂದಿದ್ದು ಮಾಮಾ?"

"ಮೊದಲಿನ ಬಾಡಿಗೆದಾರರು. ಹೆರಿಂಗ್ ಮೀನಿನ ವ್ಯಾಪಾರದವರು."

"ಅವರಿಗೆ ಕನ್ನಡ ಬರುತ್ತಾ?"

"ಅವರು ಡೇನರಮ್ಮ. ಆಗ ಈ ಊರು ಡೆನ್ಮಾರ್ಕ್‌ದು, ಆಮೇಲೆ ಸ್ವೀಡನ್‌ಗೆ ಬಂತು. ಸ್ವೀಡಿಷ್‌ನಲ್ಲಿ ಮಾತಾಡಿಸಿದ್ರೆ ಮುನಿಸ್ಕೊಳ್ತಾರೆ. ನಾನೂ ಅಷ್ಟೇ ಅಲ್ವಾ? ಬಾಂಬೆ ರಾಜ್ಯದಲ್ಲಿ ಹುಟ್ಟಿ, ಮನೆಯಿಂದ ಕದಲದೇ ಮೈಸೂರು ರಾಜ್ಯದವನಾದೆ. ನಮಗೆ ನಮಗೆ ಸರಿಹೋಗುತ್ತೆ."

ನಾನು ಕಾಫಿ ಕುಡಿದೆ.

ಇಷ್ಟೇ ಆಗಿದ್ದರೆ ನಗುತ್ತಾ ಇದ್ದುಬಿಡಬಹುದಿತ್ತು. ಆದರೆ ಮನೆಯ ಮಾಲೀಕರು ಒಂದು ದಿನ ಬಂದು ನೆಲದ ಹಲಗೆ ಎತ್ತಿ ನೋಡಿದರು. ಆ ಬೀದಿಯೆಲ್ಲ ಒಂದು ಕಾಲದಲ್ಲಿ ಸಮುದ್ರವಂತೆ, ಮಣ್ಣು ತುಂಬಿ ಮರದ ಕಂಬ ನೆಟ್ಟು ಅದರ ಮೇಲೆ ಮನೆ ಕಟ್ಟಿದ್ದಂತೆ. ಆ ಕಂಬಗಳೀಗ ಕೊಳೆತು ಮನೆ ಇಳಿಯುತ್ತಿತ್ತು. ಜನವರಿ ಮುಗಿಯುವುದರೊಳಗೆ ಖಾಲಿ ಮಾಡಿ, ಯಾವಾಗ ಬೇಕಾದರೂ ನೆಲ ಕುಸಿಯಬಹುದು ಎಂದು ಹೇಳಿ ಹೋದರು. ಪಕ್ಕದ ಊರು ಲುಂಡ್‌ನಲ್ಲಿ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಮಾಮಾ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ನಾನು ಹೊರಟ್ರೆ ಅವರ ಜೊತೆ ಮಾತಾಡೋರು ಯಾರಮ್ಮ?"

ನನ್ನ ಗಂಡ ಕೈಚೆಲ್ಲಿದ. "ನೀನೇ ಏನಾದ್ರೂ ಮಾಡು, ನಿನ್ನ ಮಾತಾದ್ರೆ ಕೇಳ್ತಾರೆ" ಎಂದ. ಕಷ್ಟದ ಕೆಲಸಕ್ಕೆ ಮಾತ್ರ ನನ್ನ ಮಾತಿಗೆ ಬೆಲೆ ಬರುವುದು ನೋಡಿ! ಸಮಾಧಿಯಾಗುವ ಮೊದಲು ಇವರನ್ನು ಹೊರಗೆ ತರಲೇಬೇಕೆಂದು ರೈಲು ಹತ್ತಿದೆ, ವಾರಕ್ಕೆರಡು ಸಲ.

ಆ ಮನೆಯ ಕಿಟಕಿಯ ಹೊರಗೆ ಒಂದು ಕನ್ನಡಿ ಇತ್ತು, ಒಳಗೆ ಕೂತೇ ಬೀದಿಯಲ್ಲಿ ಬರುವವರನ್ನು ನೋಡಲಿಕ್ಕೆ. ನಮ್ಮ ಕಡೆಯ ಹೆಂಗಸರು ಜಗಲಿಯಲ್ಲಿ ಕೂತು ಮಾಡುವ ಕೆಲಸವನ್ನು ಇಲ್ಲಿಯವರು ಕನ್ನಡಿ ಹಾಕಿ ಮಾಡುತ್ತಿದ್ದರು, ಅಷ್ಟೇ. ಒಂದು ದಿನ ನಾನು ಅದರತ್ತ ನೋಡುತ್ತೇನೆ, ಬಾಗಿಲ ಬಳಿ ತಲೆಗೆ ಬಿಳಿ ಬಟ್ಟೆ ಕಟ್ಟಿದ ಅಜ್ಜಿಯೊಬ್ಬಳು ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಓಡಿ ಹೋಗಿ ಬಾಗಿಲು ತೆರೆದೆ. ಯಾರೂ ಇಲ್ಲ. ಹೊಸ್ತಿಲಾಚೆ ಹೊಸ ಹಿಮ, ಅದರ ಮೇಲೆ ಒಂದು ಹೆಜ್ಜೆಯೂ ಮೂಡಿರಲಿಲ್ಲ.

"ಮೇಲಿನ ಮನೆ ಅಜ್ಜಿ ಇರಬೇಕು" ಎಂದರು ಮಾಮಾ, ಬಿಸ್ಕತ್ತು ಅದ್ದುತ್ತಾ.

"ಮೇಲೆ ಮನೆಯೇ ಇಲ್ವಲ್ಲ ಮಾಮಾ, ಬರೀ ಅಟ್ಟ."

"ಈಗ ಇಲ್ಲ."

ನಾನು ಸಾಫ್ಟ್‌ವೇರ್ ಟೆಸ್ಟರ್. ಎರಡನೇ ಸಲ ಕಾಣಿಸದ ದೋಷವನ್ನು ದೋಷವೆಂದು ಬರೆದುಕೊಳ್ಳುವ ಹಾಗಿಲ್ಲ. ಆದ್ದರಿಂದ ಎರಡನೇ ಸಲ ಆ ಕನ್ನಡಿಯನ್ನು ನೋಡಲೇ ಇಲ್ಲ!

ಕೊನೆಗೆ ತಾಳ್ಮೆ ಕೆಟ್ಟು, ನಾನೇ ತೊಲೆಯ ಮೇಲೆ ಕೈಯಿಟ್ಟು "ನೋಡಿ, ಇವರನ್ನ ಕಳಿಸಿಕೊಡಿ, ಪ್ಲೀಸ್" ಎಂದೆ. ತೊಲೆ ತೆಪ್ಪಗಿತ್ತು. "ನಿನ್ನ ಕನ್ನಡ ಅವರಿಗೆ ಅಭ್ಯಾಸ ಇಲ್ಲಮ್ಮ" ಎಂದು ಮಾಮಾ ಎದ್ದು ಬಂದರು. ನನ್ನ ಕೈಯ ಪಕ್ಕದಲ್ಲೇ ತಮ್ಮ ಕೈಯಿಟ್ಟು, ಬಹಳ ಮೆಲ್ಲಗೆ ಕೇಳಿದರು.

"ಹೋಗ್ಲೇನ್ರೀ?"

ಆಮೇಲೆ ಕಾಲಡಿಯಲ್ಲಿ ಏನೋ ನಿಟ್ಟುಸಿರಿಟ್ಟ ಸದ್ದು. ಭುಜ ಕೊಟ್ಟು ನೂಕದಿದ್ದರೆ ತೆರೆಯದ ಮುಂಬಾಗಿಲು ತಾನಾಗಿ ಪೂರ್ತಿ ತೆರೆದುಕೊಂಡಿತು. ನೆಲ ಇಳಿದಾಗ ಬಾಗಿಲು ಹಾಗೆ ತೆರೆಯುತ್ತದೆ ಎಂದು ನನ್ನ ಗಂಡ ಆಮೇಲೆ ವಿವರಿಸಿದ. ಅವನು ಅಲ್ಲಿರಲಿಲ್ಲ. ಅಲ್ಲಿದ್ದ ನಾನು ಚಪ್ಪಲಿಯನ್ನೂ ಹಾಕದೆ ಹಿಮದಲ್ಲಿ ನಿಂತಿದ್ದೆ!

"ಹೋಗು ಅಂದ್ರು" ಎಂದರು ಮಾಮಾ. ಮುಖ ಸಪ್ಪಗಾಗಿತ್ತು.

ಲುಂಡ್‌ಗೆ ಬಂದರು. ನಮ್ಮ ಕಟ್ಟಡ ಹೊಚ್ಚ ಹೊಸದು. "ಇಲ್ಲಿ ಯಾರೂ ತೀರಿಕೊಂಡಿಲ್ವಾ?" ಎಂದು ಮೊದಲ ದಿನವೇ ಕೇಳಿದರು. ಇಲ್ಲ ಮಾಮಾ, ನಾವೇ ಮೊದಲು ಎಂದೆ. "ಚೆನ್ನಾಗಿದೆ" ಎಂದರು, ಆಸ್ಪತ್ರೆಯ ಊಟದ ಬಗ್ಗೆ ಹೇಳುವ ಹಾಗೆ. ಆಮೇಲೆ ಅವರ ಮಾತು ಕಡಿಮೆಯಾಗುತ್ತಾ ಬಂತು. ನನ್ನ ಮಗಳು ಸ್ವೀಡಿಷ್‌ನಲ್ಲಿ ಏನಾದರೂ ಕೇಳಿದರೆ ತಲೆಯಾಡಿಸುವರು. ಊಟವೂ ಇಳಿಯಿತು. ಕುಸಿಯುವ ಮನೆಯಿಂದ ಬಿಡಿಸಿ ತಂದದ್ದಾಯಿತು, ಮನುಷ್ಯನೇ ಕುಸಿಯುತ್ತಿದ್ದರೆ ಏನು ಮಾಡುವುದು? ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಒಂದು ಸಂಜೆ, ಹೊರಗೆ ಆಗಲೇ ಕತ್ತಲು, ನಾನು ಅಡುಗೆಮನೆಯಲ್ಲಿ ಚಪಾತಿ ಬೇಯಿಸುತ್ತಿದ್ದೆ. ಗೋಡೆಯಾಚೆ ಮಾಮಾನ ಕೋಣೆ. ಅಲ್ಲಿಂದ ಸಣ್ಣ ದನಿ ಕೇಳಿತು.

"ಯಾರರೆ ಅದೀರೇನ್ರೀ?"

ಕಾಂಕ್ರೀಟಿನ ಗೋಡೆಗೆ ಅಂಗೈ ಇಟ್ಟು ನಿಂತಿರುವುದು ನೋಡದೆಯೇ ಕಂಡಿತು. ಉತ್ತರ ಬರಲಿಲ್ಲ. ಅವರು ಮತ್ತೆ ಕೇಳಿದರು, ಇನ್ನೂ ಮೆಲ್ಲಗೆ. ಮಾಮಿ ಹೋದ ಮೇಲೆ ಇವರಿಗೆ ಇವರ ಮಾತಿನಲ್ಲಿ ಮನೆಯಲ್ಲಿ ಓಗೊಟ್ಟವರು ಆ ಕೊಳೆತ ತೊಲೆಗಳು ಮಾತ್ರ ಎಂಬುದು ಆ ಕ್ಷಣಕ್ಕೆ ನನಗೆ ಹೊಳೆಯಿತು. ಒಲೆ ಆರಿಸಿ, ಹಿಟ್ಟಿನ ಕೈಯನ್ನು ಗೋಡೆಗಿಟ್ಟೆ. ಸತ್ತವರಿಗೆ ಅವರು ಹೇಳಿದ್ದನ್ನು ಕೇಳಿ ಕೇಳಿ ಕಲಿತಷ್ಟು ಧಾರವಾಡದಲ್ಲಿ ಹೇಳಿದೆ.

"ಅದೀನ್ರೀ ಮಾಮಾ. ನಾ ಇಲ್ಲೇ ಅದೀನಿ."

ತಪ್ಪಾಗಿ ಹೇಳಿದೆನೇನೋ, ನಕ್ಕರೇನೋ, ಅತ್ತರೇನೋ ಎಂದು ಕಾದೆ. ಆಮೇಲೆ ಇಸ್ತ್ರಿಯಿಲ್ಲದ ದನಿ, ನನಗೆಂದೇ, ಗೋಡೆ ದಾಟಿ ಬಂತು.

"ಊಟಾ ಆತೇನವಾ?"

"ಇಲ್ರೀ" ಎಂದೆ. "ನಿಮ್ಮ ದಾರೀನ ನೋಡಾಕತ್ತೀನಿ."