ಮಾವನವರು ಕಲಿಸಿದ ನಾಗಪುರ

ಊರನ್ನು ಕಣ್ಣಾರೆ ಕಂಡವರಿಗಿಂತ ಕಾಣದವರಿಗೇ ಅದರ ಬಗ್ಗೆ ಹೆಚ್ಚು ಗೊತ್ತಿರುತ್ತದೆ. ಐವತ್ತರ ದಶಕದಲ್ಲಿ ನಾನು ನಾಗಪುರದಲ್ಲಿ ರೈಲ್ವೆ ಗುಮಾಸ್ತನಾಗಿದ್ದಾಗ ಬಂದ ನೆಂಟರೆಲ್ಲ ತಮ್ಮದೇ ಒಂದು ನಾಗಪುರವನ್ನು ತಲೆಯಲ್ಲಿ ಹೊತ್ತು ತಂದವರೇ. ಅವರಲ್ಲಿ ಮೊದಲ ನಂಬರು ಹುಬ್ಬಳ್ಳಿಯ ನಮ್ಮ ಮಾವನವರದು. ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಕಿರಿಯ ಮಗಳನ್ನು ನನ್ನ ತಮ್ಮನಿಗೆ ಕೊಡುವ ಮೊದಲು ಊರು, ಮನೆ ನೋಡಲು ಬಂದಿದ್ದರು. ನಮ್ಮ ಮನೆಯಲ್ಲೇ ಇದ್ದ ತಮ್ಮ ಆಗಲೇ ಹುಡುಗಿಗೆ ಮನಸೋತಿದ್ದ. ಮಾವನವರು ಹೂಂ ಅನ್ನುವುದೊಂದೇ ಬಾಕಿ.

೧. ಸ್ಟೇಷನ್ನಿನಲ್ಲಿ

ಮೇ ತಿಂಗಳ ಬಿಸಿಲು. ರೈಲಿನಿಂದ ಇಳಿದವರೇ ಸುತ್ತಲೂ ನೋಡಿ, "ಎಲ್ಲ್ಯದಾವ್ರಿ ಕಿತ್ತಳೆ ತೋಟ?" ಎಂದರು.

"ತೋಟ ಊರಾಚೆ ಅದಾವ್ರಿ ಮಾವಾರ. ಹಣ್ಣಿನ ಹಂಗಾಮೂ ಮುಗದೈತಿ."

ಮಾವನವರು ಹಣೆಯ ಬೆವರು ಒರೆಸಿಕೊಂಡರು. "ನಾಗಪುರ ಯಾತಕ್ಕ ಪ್ರಸಿದ್ಧ ಅಂದ್ರ ಕಿತ್ತಳೆ ಅನ್ನದ ಎಷ್ಟು ಹುಡುಗರನ್ನ ಬೆಂಚಿನ ಮ್ಯಾಲ ನಿಲ್ಲಿಸೇನಿ, ಗೊತ್ತೇನ್ರಿ?"

೨. ಸಂತ್ರಿ

ನನ್ನ ಮಾತು ಅವರಿಗೆ ನಂಬಿಕೆಯಾಗಲಿಲ್ಲ. ಮರುದಿನ ತಾವೇ ಟಾಂಗಾ ಹತ್ತಿ, ತಮಗೆ ಬಂದ ಹಿಂದಿಯಲ್ಲಿ "ಸಂತ್ರಿ ಕೆ ಪಾಸ್ ಚಲೋ" ಎಂದರಂತೆ. ನಮ್ಮ ಕಡೆ ಸಂತ್ರಿ ಎಂದರೆ ಕಿತ್ತಳೆ. ಟಾಂಗಾದವನ ಹಿಂದಿಯಲ್ಲಿ ಪಹರೆಯವನು. ಅವನು ಸೀದಾ ಸಿವಿಲ್ ಲೈನ್ಸಿಗೆ ಒಯ್ದು ಒಬ್ಬ ಸಾಹೇಬರ ಬಂಗಲೆಯ ಗೇಟಿನೆದುರು ಇಳಿಸಿದ.

ಮಧ್ಯಾಹ್ನ ಮನೆಗೆ ಬಂದ ಮಾವನವರು ಎರಡು ಲೋಟ ನೀರು ಕುಡಿದು ಹೇಳಿದರು: "ಅಳಿಯಂದ್ರ, ನಿಮ್ಮ ಊರಾಗ ಸಂತ್ರಿಗೆ ಮೀಸಿ ಬಂದಾವ. ಕೈಯಾಗ ಬಂದೂಕು ಬ್ಯಾರೆ!"

ನಾನು ನಗು ತಡೆದುಕೊಂಡೆ. ತಮ್ಮ ಮಾತ್ರ ಮದುವೆ ತಪ್ಪೀತೆಂಬ ಚಿಂತೆಗೆ ಊಟ ಮಾಡಲಿಲ್ಲ, ಪಾಪ.

೩. ಫೋಟೋ

ಮೂರನೆಯ ದಿನ ನಮ್ಮ ಎರಡು ಕೋಣೆಯ ಕ್ವಾರ್ಟರ್ಸನ್ನು ಒಂದು ಸುತ್ತು ಹಾಕಿ, ಹಿತ್ತಲಿಗೂ ಹೋಗಿ ಬಂದು, ಕೇಳಿಯೇಬಿಟ್ಟರು: "ಮನಿ ಎಲ್ಲಾ ನೋಡಿದೆ. ಆ ಅಮೃತಶಿಲೆ ಮೆಟ್ಟಿಲು, ಹಂಸದ ಕೊಳ ಯಾವ ಕಡೆ ಅದಾವ?"

ನಾನು ಕಕ್ಕಾಬಿಕ್ಕಿಯಾದೆ. ನನ್ನ ಹೆಂಡತಿಗೆ ಮಾತ್ರ ತಟ್ಟನೆ ಹೊಳೆಯಿತು. ಮದುವೆಯಾದ ವರ್ಷ ಸೀತಾಬರ್ಡಿ ಪೇಟೆಯ ಸ್ಟುಡಿಯೋದಲ್ಲಿ ಇಬ್ಬರೂ ಫೋಟೋ ತೆಗೆಸಿಕೊಂಡು ತವರಿಗೆ ಕಳಿಸಿದ್ದೆವು.

"ಅಪ್ಪಾ, ಅದು ಸ್ಟುಡಿಯೋದವರು ಬಣ್ಣ ಬರೆದ ಪರದೆ," ಎಂದಳು ಮೆಲ್ಲಗೆ.

ಮಾವನವರು ಮಂಚದ ಮೇಲೆ ಕುಳಿತರು. ತಮ್ಮ ಅಡಿಗೆಮನೆ ಸೇರಿದ. ಸಂಬಂಧ ಕೈತಪ್ಪಿತೆಂದೇ ನಾನೂ ಅಂದುಕೊಂಡೆ.

"ನಿಮ್ಮವ್ವ ಆ ಫೋಟೋ ಪಡಸಾಲ್ಯಾಗ ತೂಗುಹಾಕಿ, ನನ್ನ ಮಗಳ ಬಂಗಲೆ ಅಂತ ಓಣಿ ತುಂಬ ಹೇಳ್ಯಾಳ," ಎಂದರು ಕೊನೆಗೆ. "ಇರ್ಲಿ. ಹುಡುಗ ಚಲೋ ಅದಾನ, ನೀನೂ ಸುಖವಾಗಿದ್ದಿ. ಮದುವಿ ಮಾಡೋಣ. ಆದ್ರ ಹುಡುಗೀನ ಗಂಡನ ಮನಿಗೆ ಬಿಡಾಕ ನಾ ಒಬ್ಬನೇ ಬರ್ತೀನಿ. ಓಣಿ ಮಂದಿ ಬಂದ್ರ, ಮೊದಲು ಪರದೆ ಬಾಡಿಗಿಗೆ ತರಬೇಕಾಗ್ತದ!"